ಸರಾಸರಿ ಗಾಳಿಯನ್ನು ಯಾರೂ ಉಸಿರಾಡುವುದಿಲ್ಲ

ಬೆಂಗಳೂರಿನ ಗಾಳಿಯ ಮಾತು ಬಂದಾಗಲೆಲ್ಲ ದೆಹಲಿಯ ಹೆಸರು ತಾನಾಗಿ ಬಂದುಬಿಡುತ್ತದೆ. ನವೆಂಬರ್ ಬಂತೆಂದರೆ ಅಲ್ಲಿ ಶಾಲೆಗಳಿಗೆ ರಜೆ; ಇಲ್ಲಿ ಮೊಬೈಲಿನ ವಾಯು ಗುಣಮಟ್ಟ ಸೂಚ್ಯಂಕ ತಿಳಿಹಸಿರು ಬಣ್ಣ ತೋರಿಸಿ ‘ತೃಪ್ತಿಕರ’ ಎನ್ನುತ್ತದೆ. ‘ಸದ್ಯ, ನಾವು ಪರವಾಗಿಲ್ಲ’ ಎಂದುಕೊಂಡು ಫೋನನ್ನು ಜೇಬಿಗೆ ಇಳಿಸುತ್ತೇವೆ. ಈ ಸಮಾಧಾನದಲ್ಲಿ ಎರಡು ದೋಷಗಳಿವೆ. ಒಂದು ಅಳತೆಗೋಲಿನದು. ಇನ್ನೊಂದು ಅದಕ್ಕಿಂತ ದೊಡ್ಡದು: ಆ ಸಂಖ್ಯೆ ಊರಿನ ಗಾಳಿಯ ಬಗ್ಗೆ ಏನನ್ನೋ ಹೇಳುತ್ತದೆ, ಆದರೆ ಊರಿನಲ್ಲಿ ಬದುಕುವ ಯಾರೊಬ್ಬರ ಎದೆಯೊಳಗೆ ಎಷ್ಟು ವಿಷ ಹೋಯಿತು ಎಂಬುದನ್ನು ಹೇಳುವುದಿಲ್ಲ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದಂಥ ಕಡೆ ಈ ಎರಡರ ನಡುವಿನ ಅಂತರ ಬಹಳ ದೊಡ್ಡದು. ಆ ಅಂತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಯಾವ ಯೋಜನೆಯೂ ಹೆಚ್ಚು ವಿಷ ನುಂಗುತ್ತಿರುವವರನ್ನು ತಲುಪಲಾರದು ಎಂಬುದು ನನ್ನ ವಾದ.

ಮೊದಲು ಅಳತೆಗೋಲನ್ನೇ ನೋಡೋಣ. ನಮ್ಮ ಸೂಚ್ಯಂಕದ ಪ್ರಕಾರ ಪಿಎಂ 2.5, ಅಂದರೆ ಎರಡೂವರೆ ಮೈಕ್ರಾನಿಗಿಂತ ಚಿಕ್ಕ ಕಣಗಳು, 24 ಗಂಟೆಗಳ ಸರಾಸರಿಯಲ್ಲಿ ಘನ ಮೀಟರಿಗೆ 60 ಮೈಕ್ರೋಗ್ರಾಂ ತಲುಪುವವರೆಗೂ ಗಾಳಿ ‘ತೃಪ್ತಿಕರ’. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ದಿನದ ಮಿತಿ 15 ಮಾತ್ರ. ವರ್ಷದ ಸರಾಸರಿಗೆ ನಾವು 2009ರಲ್ಲಿ ಹಾಕಿಕೊಂಡ ಮಿತಿ 40. ಆ ಸಂಸ್ಥೆಯದು 5. ನಮ್ಮ ತೃಪ್ತಿ ನಾವೇ ಸಡಿಲವಾಗಿ ಕಟ್ಟಿಕೊಂಡ ತೃಪ್ತಿ.

ದೆಹಲಿಯ ಜೊತೆಗಿನ ಹೋಲಿಕೆಯೂ ನಾವು ತಿಳಿದಷ್ಟು ಸುಖದ್ದಲ್ಲ. 2024ರಲ್ಲಿ ‘ಲ್ಯಾನ್ಸೆಟ್ ಪ್ಲಾನೆಟರಿ ಹೆಲ್ತ್’ ಪತ್ರಿಕೆ ಬೆಂಗಳೂರೂ ಸೇರಿದಂತೆ ಭಾರತದ ಹತ್ತು ನಗರಗಳ ಅಧ್ಯಯನವೊಂದನ್ನು ಪ್ರಕಟಿಸಿತು. 2008ರಿಂದ 2019ರವರೆಗಿನ ಸುಮಾರು 36 ಲಕ್ಷ ಸಾವುಗಳನ್ನು ದಿನದಿನದ ಮಾಲಿನ್ಯದ ಜೊತೆಗಿಟ್ಟು ನೋಡಿದ ಅಧ್ಯಯನ ಅದು. ಈ ನಗರಗಳ ಸಾವುಗಳಲ್ಲಿ ಶೇ 7.2ರಷ್ಟು ಸೂಕ್ಷ್ಮ ಕಣಗಳ ಪಾಲಿಗೆ ಸೇರುತ್ತವೆ ಎಂಬುದು ಅದರ ಅಂದಾಜು. ಇನ್ನೊಂದು ಫಲಿತಾಂಶ ನಮಗೆ ಹೆಚ್ಚು ಮುಖ್ಯ. ಪಿಎಂ 2.5 ಹತ್ತು ಮೈಕ್ರೋಗ್ರಾಂ ಏರಿದಾಗ ದೆಹಲಿಯಲ್ಲಿ ಸಾವಿನ ಪ್ರಮಾಣ ಶೇ 0.31ರಷ್ಟು ಹೆಚ್ಚಿದರೆ, ಬೆಂಗಳೂರಿನಲ್ಲಿ ಶೇ 3.06ರಷ್ಟು ಹೆಚ್ಚುತ್ತಿತ್ತು. ದೆಹಲಿಗಿಂತ ಇಲ್ಲಿ ಹೆಚ್ಚು ಜನ ಸಾಯುತ್ತಾರೆ ಎಂದು ಇದರ ಅರ್ಥವಲ್ಲ. ಮಾಲಿನ್ಯ ಕಡಿಮೆಯಿರುವ ಊರಿನಲ್ಲಿ ಹೊಸದಾಗಿ ಸೇರುವ ಒಂದೊಂದು ಪಾಲೂ ಹೆಚ್ಚು ಪೆಟ್ಟು ಕೊಡುತ್ತದೆ, ಅಷ್ಟೆ. ಹಾಗಾದರೆ ‘ನಾವು ಪರವಾಗಿಲ್ಲ’ ಎನ್ನುವ ಮಟ್ಟದಲ್ಲಿಯೇ ಹತ್ತು ಹತ್ತು ಮೈಕ್ರೋಗ್ರಾಮಿಗೂ ಬೆಲೆ ಇದೆ. ಒಂದೇ ಊರಿನ ಇಬ್ಬರ ನಡುವೆ ಮೂವತ್ತು ಮೈಕ್ರೋಗ್ರಾಮಿನ ವ್ಯತ್ಯಾಸವಿದ್ದರೆ ಅದನ್ನು ಸಣ್ಣದೆಂದು ತಳ್ಳಿಹಾಕುವಂತಿಲ್ಲ.

ಅಂಥ ವ್ಯತ್ಯಾಸ ಇರುತ್ತದೆಯೇ? ಒಂದು ಲೆಕ್ಕ ಹಾಕಿ ನೋಡೋಣ. ಇಲ್ಲಿನ ಅಂಕಿಗಳು ಊಹೆಯವು, ಲೆಕ್ಕದ ದಾರಿ ಮಾತ್ರ ನಿಜವಾದದ್ದು. ವೈಟ್‌ಫೀಲ್ಡಿನ ಕಂಪನಿಯೊಂದರ ಎಂಜಿನಿಯರ್ ದಿನಕ್ಕೆ ಎರಡು ಗಂಟೆ ರಸ್ತೆಯಲ್ಲಿ, ಒಂಬತ್ತು ಗಂಟೆ ಫಿಲ್ಟರ್ ಇರುವ ಎಸಿ ಕಚೇರಿಯಲ್ಲಿ, ಹದಿಮೂರು ಗಂಟೆ ಮನೆಯಲ್ಲಿ ಇರುತ್ತಾರೆ ಎಂದುಕೊಳ್ಳಿ. ರಸ್ತೆಯಲ್ಲಿ 100, ಕಚೇರಿಯಲ್ಲಿ 15, ಮನೆಯಲ್ಲಿ 25 ಮೈಕ್ರೋಗ್ರಾಂ ಇದ್ದರೆ ಅವರ ದಿನದ ಸರಾಸರಿ ಸುಮಾರು 28. ಅದೇ ಕಚೇರಿಗೆ ಮಧ್ಯಾಹ್ನದ ಊಟ ತಂದುಕೊಡುವ ಡೆಲಿವರಿ ಹುಡುಗ ಹತ್ತು ಗಂಟೆ ಆ ರಸ್ತೆಯಲ್ಲಿದ್ದು, ಉಳಿದ ಹದಿನಾಲ್ಕು ಗಂಟೆ 35 ಮೈಕ್ರೋಗ್ರಾಂ ಇರುವ ಕೋಣೆಯಲ್ಲಿ ಕಳೆದರೆ ಅವನದು 62. ಮಾಪನ ಕೇಂದ್ರ ಅಂದು ನಲವತ್ತೋ ನಲವತ್ತೈದೋ ತೋರಿಸಿರಬಹುದು. ಅದು ಇಬ್ಬರಿಗೂ ಸಲ್ಲದ ಸಂಖ್ಯೆ.

ಉಸಿರಾಟದ ವೇಗ ಸೇರಿಸಿದರೆ ಅಂತರ ಇನ್ನೂ ಹಿಗ್ಗುತ್ತದೆ. ಸುಮ್ಮನೆ ಕೂತವರು ನಿಮಿಷಕ್ಕೆ ಏಳೆಂಟು ಲೀಟರ್ ಗಾಳಿ ಎಳೆದುಕೊಂಡರೆ, ಹೊರೆ ಹೊತ್ತು ಮೆಟ್ಟಿಲು ಹತ್ತುವವರು, ರಸ್ತೆ ಗುಡಿಸುವವರು ಅದರ ಮೂರ್ನಾಲ್ಕು ಪಟ್ಟು ಎಳೆದುಕೊಳ್ಳುತ್ತಾರೆ. ಗಾಳಿಯಲ್ಲಿ ಎಷ್ಟಿದೆ, ಅಲ್ಲಿ ಎಷ್ಟು ಹೊತ್ತು ಇದ್ದಿರಿ, ಎಷ್ಟು ಜೋರಾಗಿ ಉಸಿರಾಡಿದಿರಿ: ಈ ಮೂರರ ಗುಣಾಕಾರವೇ ದೇಹಕ್ಕೆ ಸೇರಿದ ಪಾಲು. ನಮ್ಮ ಇಡೀ ವ್ಯವಸ್ಥೆ ಇವುಗಳಲ್ಲಿ ಮೊದಲನೆಯದನ್ನು ಮಾತ್ರ, ಅದೂ ಬೆರಳೆಣಿಕೆಯ ಜಾಗಗಳಲ್ಲಿ, ಅಳೆಯುತ್ತದೆ. ಇದೇ ಲೆಕ್ಕದಲ್ಲಿ ಇನ್ನೊಂದು ವಿಷಯವೂ ಇದೆ. ಎಂಜಿನಿಯರ್ ರಸ್ತೆಯಲ್ಲಿ ಕಳೆದದ್ದು ದಿನದ ಹನ್ನೆರಡರಲ್ಲಿ ಒಂದು ಪಾಲು ಸಮಯ. ಅವರ ಮೈಗೆ ಸೇರಿದ ಕಣಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಬಂದದ್ದು ಅಲ್ಲಿಂದಲೇ. ಕಚೇರಿಯ ಗಾಜಿನ ಗೋಡೆ ಯಾರನ್ನೂ ಪೂರ್ತಿ ಕಾಪಾಡುವುದಿಲ್ಲ.

ಮನುಷ್ಯನನ್ನೇ ಅಳೆಯಬೇಕೆಂಬ ಈ ವಿಚಾರ ಭಾರತದ ನೆಲದಲ್ಲಿ ಹೊಸದಲ್ಲ. 1980ರ ದಶಕದ ಆರಂಭದಲ್ಲಿ ಸಂಶೋಧಕ ಕರ್ಕ್ ಸ್ಮಿತ್ ಮತ್ತು ಸಂಗಡಿಗರು ಗುಜರಾತಿನ ಹಳ್ಳಿಗಳಲ್ಲಿ ಸೌದೆ ಒಲೆಯ ಮುಂದೆ ಕೂತ ಹೆಂಗಸರ ಮೈಮೇಲೆಯೇ ಮಾಪಕ ಸಿಕ್ಕಿಸಿ, ಅವರು ನುಂಗುತ್ತಿದ್ದ ಹೊಗೆಯನ್ನು ಅಳೆದರು. ಹೊಗೆಗೊಳವೆಗಳೇ ಇಲ್ಲದ, ‘ಶುದ್ಧ ಗಾಳಿ’ಯ ಹಳ್ಳಿಗಳಲ್ಲಿ ಅಡುಗೆಮನೆಯೇ ಅತಿ ಕೆಟ್ಟ ಜಾಗ ಎಂದು ಜಗತ್ತಿಗೆ ಗೊತ್ತಾದದ್ದು ಹಾಗೆ. ಬೆಂಗಳೂರಿನಲ್ಲೂ ಇಲ್ಲಿನ ಮತ್ತು ಅಮೆರಿಕದ ಸಂಶೋಧಕರು ಸೇರಿ ಬಡವರ ಬಡಾವಣೆಯೊಂದನ್ನೂ ಮಧ್ಯಮ ವರ್ಗದ ಬಡಾವಣೆಯೊಂದನ್ನೂ ಅಳೆದು 2011ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಬಡವರ ಕಡೆಯೇ ಸೂಕ್ಷ್ಮ ಕಣಗಳು ಹೆಚ್ಚಿದ್ದವು. ದಾರಿ ತೋರಿಸಿದವರು ಇದ್ದಾರೆ; ಆಡಳಿತ ಆ ದಾರಿಯಲ್ಲಿ ಹೋಗಿಲ್ಲ.

ವೈಟ್‌ಫೀಲ್ಡಿನ ಕಥೆಯೊಂದು ಇಲ್ಲಿ ನೆನಪಿಗೆ ಬರಬೇಕು. ಅಲ್ಲಿದ್ದ ಗ್ರಾಫೈಟ್ ಇಂಡಿಯಾ ಕಾರ್ಖಾನೆಯ ಸುತ್ತಮುತ್ತಲಿನ ಮನೆಗಳ ಕಿಟಕಿ, ನೆಲ, ಕಾರುಗಳ ಮೇಲೆ ಕಪ್ಪು ಪುಡಿ ಕೂರುತ್ತದೆ ಎಂದು ನಿವಾಸಿಗಳು ವರ್ಷಗಟ್ಟಲೆ ಹೋರಾಡಿದರು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 2018ರಲ್ಲಿ ಕೋರ್ಟ್ ಕಂಪನಿಗೆ 50 ಲಕ್ಷ ರೂಪಾಯಿ ಠೇವಣಿ ಇಡಲು ಹೇಳಿತು. 2019ರ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಇದು ನಾಗರಿಕರ ನಿಜವಾದ ಗೆಲುವು. ಅದು ಸಾಧ್ಯವಾದದ್ದು ಎರಡು ಕಾರಣಕ್ಕೆ ಎಂದು ನನಗನ್ನಿಸುತ್ತದೆ: ಆ ಮಸಿ ಬೆರಳಿಗೆ ಅಂಟುತ್ತಿತ್ತು, ಮತ್ತು ಅದು ಅಂಟಿದ್ದು ಅರ್ಜಿ ಬರೆಯಬಲ್ಲವರ, ವಕೀಲರನ್ನು ಇಡಬಲ್ಲವರ ಬೆರಳಿಗೆ. ಕಣ್ಣಿಗೆ ಕಾಣದ ಕಣ, ದನಿ ಇಲ್ಲದವರ ಎದೆಗೆ ಹೋದಾಗ ಅಂಥ ಹೋರಾಟ ಹುಟ್ಟುವುದಿಲ್ಲ.

ಅದೇ ವೈಟ್‌ಫೀಲ್ಡಿನ ಯಾವುದಾದರೂ ಟೆಕ್ ಪಾರ್ಕಿನ ಗೇಟಿನ ಬಳಿ ಬೆಳಗಿನ ಒಂಬತ್ತೂವರೆಗೆ ನಿಂತು ನೋಡಿ. ಕಾರುಗಳು ಒಂದರ ಹಿಂದೊಂದು ಎಂಜಿನ್ ಚಾಲೂ ಇಟ್ಟುಕೊಂಡು ಸಾಲುಗಟ್ಟಿರುತ್ತವೆ. ಸೆಕ್ಯುರಿಟಿಯವರು ಉದ್ದ ಕೋಲಿನ ತುದಿಯ ಕನ್ನಡಿಯನ್ನು ಪ್ರತಿ ಕಾರಿನ ಅಡಿಗೆ ತೂರಿಸಿ, ಸುತ್ತು ಬಂದು, ಡಿಕ್ಕಿ ತೆಗೆಸಿ ಬಗ್ಗಿ ನೋಡುತ್ತಾರೆ. ಅವರು ಬಗ್ಗುವ ಜಾಗದಲ್ಲೇ ಸೈಲೆನ್ಸರಿನ ಬಾಯಿ ಇರುತ್ತದೆ. ಕರೆಂಟು ಹೋದರೆ ಡೀಸೆಲ್ ಜನರೇಟರು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2012ರಲ್ಲೇ ಘೋಷಿಸಿದೆ. ಗೇಟಿನಿಂದ ನೂರು ಮೀಟರ್ ಒಳಗೆ, ಆರನೇ ಮಹಡಿಯಲ್ಲಿ, ಗಾಳಿಯನ್ನು ಸೋಸಿ ತಂಪು ಮಾಡಿ ಬಿಡುತ್ತಾರೆ. ವಿಳಾಸ ಒಂದೇ, ಪಿನ್ ಕೋಡ್ ಒಂದೇ, ಸೂಚ್ಯಂಕ ಒಂದೇ. ಪಕ್ಕದ ಸೈಟಿನಲ್ಲಿ ಗೋಪುರ ಕಟ್ಟಲು ಯಾದಗಿರಿ, ರಾಯಚೂರು ಕಡೆಯಿಂದ ಬಂದವರು ಹಗಲೆಲ್ಲ ಸಿಮೆಂಟಿನ ದೂಳಿನಲ್ಲಿ ದುಡಿದು, ಸಂಜೆ ತಗಡಿನ ಶೆಡ್ಡಿನ ಮುಂದೆ ಸೆಂಟ್ರಿಂಗಿನ ಹಳೇ ಹಲಗೆ ಸೀಳಿ ರೊಟ್ಟಿ ಸುಡುತ್ತಾರೆ. ಅವರ ಪಾಲಿಗೆ ಹೊರಗಿನ ಮಾಲಿನ್ಯ, ಕೆಲಸದ ಮಾಲಿನ್ಯ, ಮನೆಯ ಮಾಲಿನ್ಯ ಎಂಬ ವಿಂಗಡಣೆ ಇಲ್ಲ.

ಪೀಣ್ಯಕ್ಕೆ ಹೋದರೆ ಈ ವಿಂಗಡಣೆ ಎಷ್ಟು ಹುಸಿ ಎಂದು ಇನ್ನೂ ಸ್ಪಷ್ಟವಾಗುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ದೇಶದ ಕೈಗಾರಿಕಾ ಪ್ರದೇಶಗಳನ್ನು ಅಳೆದಾಗ ಪೀಣ್ಯವನ್ನು ತೀವ್ರ ಮಾಲಿನ್ಯದ ಪಟ್ಟಿಯಲ್ಲಿಟ್ಟಿತು. ಇಲ್ಲಿ ದೊಡ್ಡ ಹೊಗೆಕೊಳವೆಗಳಿಗಿಂತ ಸಣ್ಣ ಶೆಡ್ಡುಗಳೇ ಹೆಚ್ಚು: ಪ್ಲೇಟಿಂಗ್, ಬಫಿಂಗ್, ಪೌಡರ್ ಕೋಟಿಂಗ್, ಫೌಂಡ್ರಿ, ಲೇತ್. ಕ್ರೋಮ್ ಪ್ಲೇಟಿಂಗ್ ಮಾಡುವ ಶೆಡ್ಡಿನಲ್ಲಿ ತೊಟ್ಟಿಯ ದ್ರಾವಣಕ್ಕೆ ವಿದ್ಯುತ್ ಹರಿಸಿದಾಗ ಅನಿಲದ ಗುಳ್ಳೆಗಳು ಏಳುತ್ತವೆ. ಗುಳ್ಳೆಗಳು ಮೇಲೆ ಬಂದು ಒಡೆದಾಗ ಕ್ರೋಮಿಕ್ ಆಮ್ಲದ ಸಣ್ಣ ಹನಿಗಳು ಗಾಳಿಗೆ ಚಿಮ್ಮುತ್ತವೆ. ಅದರಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಎಂಬುದು ಸಾಬೀತಾದ ಸಂಗತಿ. ವರ್ಷಗಟ್ಟಲೆ ಉಸಿರಾಡಿದರೆ ಮೂಗಿನ ನಡುಗೋಡೆಯೇ ತೂತಾಗಬಹುದು. ತೊಟ್ಟಿಯ ಅಂಚಿನಲ್ಲೇ ಹೊಗೆಯನ್ನು ಎಳೆದುಕೊಳ್ಳುವ ಎಕ್ಸಾಸ್ಟ್ ಇಟ್ಟರೆ, ದ್ರಾವಣದ ಮೇಲೆ ಪ್ಲಾಸ್ಟಿಕ್ ಚೆಂಡುಗಳನ್ನು ತೇಲಿಬಿಟ್ಟರೆ, ನೊರೆ ಕಟ್ಟುವ ರಾಸಾಯನಿಕ ಬೆರೆಸಿದರೆ ಇದನ್ನು ಬಹುಮಟ್ಟಿಗೆ ತಡೆಯಬಹುದು. ಇವು ಇಲ್ಲದ ಕಡೆ ಕೆಲಸಗಾರನಿಗೆ ಉಳಿಯುವುದು ಮುಖಕ್ಕೆ ಕಟ್ಟಿದ ಕರ್ಚೀಫು. ಪಾಳಿ ಮುಗಿಸಿ ಅವನು ಲಗ್ಗೆರೆಗೋ ಹೆಗ್ಗನಹಳ್ಳಿಗೋ ಹೋದರೆ ಅಲ್ಲೂ ಮನೆಯ ಕೆಳಗಿನ ಅಂತಸ್ತಿನಲ್ಲಿ ಇಂಥದೇ ಇನ್ನೊಂದು ಶೆಡ್ಡು ಇರಬಹುದು.

ಈ ಒಬ್ಬ ಮನುಷ್ಯನ ಗಾಳಿಗೆ ಸರ್ಕಾರದಲ್ಲಿ ಎಷ್ಟು ವಾರಸುದಾರರು ನೋಡಿ. ಶೆಡ್ಡಿನೊಳಗಿನ ಗಾಳಿ ಕಾರ್ಖಾನೆಗಳು ಮತ್ತು ಬಾಯ್ಲರ್‌ಗಳ ಇಲಾಖೆಗೆ. ಅದೇ ಗಾಳಿ ಎಕ್ಸಾಸ್ಟ್ ಕಿಂಡಿಯಿಂದ ಹೊರಬಿದ್ದ ಕ್ಷಣ 1981ರ ವಾಯು ಕಾಯ್ದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ. ತುಮಕೂರು ರಸ್ತೆಯ ಲಾರಿ ಹೊಗೆ ಸಾರಿಗೆ ಇಲಾಖೆಗೆ. ರಸ್ತೆಯ ದೂಳು, ಕಸದ ಬೆಂಕಿ ಪಾಲಿಕೆಗೆ. ಮನೆಯೊಳಗಿನ ಗಾಳಿ ಯಾರಿಗೂ ಇಲ್ಲ. ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು ಕೆಲಸದ ಜಾಗದ ಗಾಳಿಯಲ್ಲಿ ಯಾವ ರಾಸಾಯನಿಕ ಎಷ್ಟಿರಬಹುದೆಂಬ ಪಟ್ಟಿ ಸೇರಿಸಲಾಯಿತು. ಆದರೆ 1948ರ ಆ ಕಾಯ್ದೆಯ ಕಣ್ಣಿಗೆ, ವಿದ್ಯುತ್ ಬಳಸುವ ಕಡೆ ಹತ್ತು ಜನ ದುಡಿದರೆ ಮಾತ್ರ ಅದು ಕಾರ್ಖಾನೆಯಾಗುತ್ತಿತ್ತು. 2020ರ ಕಾರ್ಮಿಕ ಸುರಕ್ಷತಾ ಸಂಹಿತೆ ಆ ಸಂಖ್ಯೆಯನ್ನು ಇಪ್ಪತ್ತಕ್ಕೆ ಏರಿಸಿತು. ಪೀಣ್ಯದ ಎಂಟು ಜನರ ಪ್ಲೇಟಿಂಗ್ ಶೆಡ್ಡು ಈ ಬಲೆಯ ಕಣ್ಣಿನಿಂದ ಜಾರಿಹೋಗುತ್ತದೆ. ಇಲಾಖೆಗಳು ತಮ್ಮ ತಮ್ಮ ಗಡಿಯೊಳಗಿನ ಗಾಳಿ ಅಳೆದು ‘ಮಿತಿಯೊಳಗಿದೆ’ ಎಂದು ಬರೆಯಬಹುದು. ಎಲ್ಲ ಗಡಿಗಳನ್ನೂ ದಿನವೂ ದಾಟುವ ದೇಹದ ಮೊತ್ತವನ್ನು ಯಾರೂ ಕೂಡಿಸುವುದಿಲ್ಲ.

ಕೂಡಿಸದಿದ್ದರೆ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಬೆಂಗಳೂರೂ ಇದೆ. ಆ ಕಾರ್ಯಕ್ರಮ ನಗರಗಳ ಪ್ರಗತಿಯನ್ನು ಮುಖ್ಯವಾಗಿ ಅಳೆಯುವುದು ಪಿಎಂ 10ರಿಂದ, ಅಂದರೆ ದಪ್ಪ ದೂಳೂ ಸೇರಿದ ಲೆಕ್ಕದಿಂದ. ಪರಿಣಾಮ ಏನಾಯಿತು? ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2024ರಲ್ಲಿ ಮಾಡಿದ ವಿಶ್ಲೇಷಣೆಯ ಪ್ರಕಾರ ದೇಶದಾದ್ಯಂತ ಈ ಕಾರ್ಯಕ್ರಮದ ವೆಚ್ಚದಲ್ಲಿ ಶೇ 64ರಷ್ಟು ರಸ್ತೆ ದೂಳಿಗೆ ಹೋಗಿತ್ತು. ಕೈಗಾರಿಕೆಗೆ ಹೋದದ್ದು ಶೇ 0.61. ಬೆಂಗಳೂರಿನ ಬಗ್ಗೆಯೇ ಟೆರಿ ಸಂಸ್ಥೆ 2010ರಲ್ಲಿ ಕೊಟ್ಟ ಲೆಕ್ಕದಲ್ಲಿ ಪಿಎಂ 10ರ ಶೇ 42 ವಾಹನಗಳಿಂದ, ಶೇ 14 ಕೈಗಾರಿಕೆಯಿಂದ, ರಸ್ತೆ ದೂಳಿನಿಂದ ಬಂದದ್ದು ಶೇ 20. ರಸ್ತೆ ಗುಡಿಸುವ ಯಂತ್ರ, ನೀರು ಚಿಮುಕಿಸುವ ಟ್ಯಾಂಕರ್ ಬೇಡವೆಂದಲ್ಲ. ಅವು ಮಾಪನ ಕೇಂದ್ರದ ಅಂಕಿಯನ್ನು ಇಳಿಸುವ ಸುಲಭದ ದಾರಿ; ಗೇಟಿನ ಕಾವಲುಗಾರನಿಗಾಗಲಿ ತೊಟ್ಟಿಯ ಮುಂದೆ ನಿಂತವನಿಗಾಗಲಿ ಅವುಗಳಿಂದ ಆಗುವ ಪ್ರಯೋಜನ ಅಲ್ಪ.

ವ್ಯಕ್ತಿಯನ್ನು ಅಳೆದರೆ ಒಳ್ಳೆಯ ಕೆಲಸವೂ ಕಾಣಿಸುತ್ತದೆ. ನಮ್ಮ ಮೆಟ್ರೊ 2023ರ ಅಕ್ಟೋಬರಿನಲ್ಲಿ ವೈಟ್‌ಫೀಲ್ಡಿಗೆ ಅಡೆತಡೆಯಿಲ್ಲದೆ ಓಡತೊಡಗಿತು. 2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಮೇಲೆ ಹಾದು ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ಬಂತು. ಸಿಲ್ಕ್ ಬೋರ್ಡಿನ ಮಾಪಕದ ಅಂಕಿ ಇದರಿಂದ ಅಷ್ಟೇನೂ ಇಳಿಯದಿರಬಹುದು, ಏಕೆಂದರೆ ಖಾಲಿಯಾದ ಜಾಗಕ್ಕೆ ಬೇರೆ ವಾಹನ ಬಂದು ಸೇರುತ್ತದೆ. ಆದರೆ ಹೊಸೂರು ರಸ್ತೆಯಲ್ಲಿ ತಮಿಳುನಾಡಿನ ಲಾರಿಗಳ ನಡುವೆ ಸ್ಕೂಟರ್ ಓಡಿಸುತ್ತಿದ್ದವರು ರೈಲು ಹತ್ತಿದ ದಿನವೇ ಅವರ ಪಾಲಿನ ಹೊಗೆ ಇಳಿಯುತ್ತದೆ. ಸರಾಸರಿಯಲ್ಲಿ ಕಾಣದ ಈ ಲಾಭ ವ್ಯಕ್ತಿಯ ಲೆಕ್ಕದಲ್ಲಿ ದೊಡ್ಡದು. ಹಾಗೆ ನೋಡಿದಾಗ 2025ರ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರವನ್ನು 60ರಿಂದ 90 ರೂಪಾಯಿಗೆ ಏರಿಸಿದ್ದು ಮೆಟ್ರೊ ನಿಗಮದ ಜಮಾ-ಖರ್ಚಿನ ವಿಷಯವಷ್ಟೇ ಆಗಿ ಉಳಿಯುವುದಿಲ್ಲ. ದರ ಕೈಗೆಟುಕದೆ ಮತ್ತೆ ಬೈಕಿಗೆ ಮರಳಿದ ಪ್ರತಿಯೊಬ್ಬರೂ ಆ ನಿರ್ಧಾರದ ಬೆಲೆಯನ್ನು ಎದೆಯಲ್ಲಿ ತೆರುತ್ತಾರೆ.

ಆಕ್ಷೇಪಗಳು ಇಲ್ಲದಿಲ್ಲ. ಒಂದೂಕಾಲು ಕೋಟಿ ಜನರಿಗೆಲ್ಲ ಮಾಪಕ ಕಟ್ಟಲಾಗುತ್ತದೆಯೇ ಎಂದು ಕೇಳಬಹುದು. ಕಟ್ಟಬೇಕಿಲ್ಲ. ಸಂಚಾರ ಪೊಲೀಸರು, ಪೌರಕಾರ್ಮಿಕರು, ಬಿಎಂಟಿಸಿ ಕಂಡಕ್ಟರುಗಳು, ಡೆಲಿವರಿಯವರು, ಕಾವಲುಗಾರರು, ಪ್ಲೇಟಿಂಗ್ ಬಫಿಂಗ್ ಕೆಲಸಗಾರರು, ಶಾಲಾ ಮಕ್ಕಳು: ಹೀಗೆ ಗುಂಪು ಗುಂಪಾಗಿ, ಪ್ರತಿ ಗುಂಪಿನಲ್ಲಿ ಕೆಲವರನ್ನು, ಚಳಿಗಾಲದಲ್ಲೊಮ್ಮೆ ಬೇಸಿಗೆಯಲ್ಲೊಮ್ಮೆ ಅಳೆದರೆ ಸಾಕಷ್ಟು ತಿಳಿಯುತ್ತದೆ. ಇದಕ್ಕೆ ನಮ್ಮಲ್ಲೇ ಪೂರ್ವನಿದರ್ಶನವಿದೆ. ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುವ ತಂತ್ರಜ್ಞರು ಎದೆಗೆ ಟಿಎಲ್‌ಡಿ ಬ್ಯಾಡ್ಜ್ ಧರಿಸುತ್ತಾರೆ. ಅವರ ದೇಹಕ್ಕೆ ಎಷ್ಟು ವಿಕಿರಣ ತಾಗಿತೆಂದು ನಿಯಮಿತವಾಗಿ ದಾಖಲಾಗುತ್ತದೆ. ಆಸ್ಪತ್ರೆಯ ಕಾರಿಡಾರಿನ ಸರಾಸರಿ ವಿಕಿರಣ ಅಳೆದು ‘ನೀವು ಕ್ಷೇಮ’ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಗಾಳಿಯ ವಿಷಯದಲ್ಲಿ ನಾವು ಹೇಳುತ್ತಿರುವುದು ಅದನ್ನೇ.

ಮಾಸ್ಕ್ ಹಾಕಿಕೊಳ್ಳಲಿ, ಮನೆಗೆ ಏರ್ ಪ್ಯೂರಿಫೈಯರ್ ತರಲಿ ಎನ್ನುವವರೂ ಇದ್ದಾರೆ. ಬಿಗಿಯಾದ ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ಅನಿಲಗಳನ್ನು ತಡೆಯುವುದಿಲ್ಲ. ಹತ್ತು ಗಂಟೆ ಬಿಸಿಲಲ್ಲಿ ಓಡಾಡುವವರು ಅದನ್ನು ಮೂಗಿನ ಮೇಲೆ ಇಟ್ಟುಕೊಂಡಿರಲಾರರು. ಪ್ಯೂರಿಫೈಯರ್ ಕೊಳ್ಳುವ ಶಕ್ತಿ ಇರುವವರಿಗೆ ಅದರ ಅಗತ್ಯ ಕಡಿಮೆ, ಅಗತ್ಯ ಇರುವವರ ಕೆಲಸ ಬಯಲಿನಲ್ಲಿ. ಇನ್ನು ಅತ್ಯಂತ ಗಂಭೀರವಾದ ಆಕ್ಷೇಪ ಪೀಣ್ಯದ ಸಣ್ಣ ಮಾಲೀಕರದು: ‘ನೀವು ಅಳೆಯುತ್ತೀರಿ, ನೋಟಿಸ್ ಬರುತ್ತದೆ, ನಾವು ಬಾಗಿಲು ಹಾಕುತ್ತೇವೆ, ಹುಡುಗರು ಬೀದಿಗೆ ಬೀಳುತ್ತಾರೆ.’ ಈ ಭಯ ಸುಳ್ಳಲ್ಲ. ಹೊಗೆ ಕುಡಿಯುವವನೂ ಕೆಲಸ ಕಳೆದುಕೊಳ್ಳುವವನೂ ಒಬ್ಬನೇ ಆದಾಗ ಅವನು ಬಾಯಿ ಮುಚ್ಚಿಕೊಂಡಿರುವುದು ಸಹಜ. ಅದಕ್ಕಾಗಿಯೇ ಮೊದಲ ಹೆಜ್ಜೆ ದಂಡವಾಗಬಾರದು. ಶುದ್ಧ ಗಾಳಿಯ ಹೆಸರಿನಲ್ಲಿ ಬರುವ ಹಣದ ಒಂದು ಪಾಲನ್ನು ತೊಟ್ಟಿ ಅಂಚಿನ ಎಕ್ಸಾಸ್ಟ್‌ಗೆ, ಬಫಿಂಗ್ ಯಂತ್ರದ ದೂಳು ಹೀರುವ ವ್ಯವಸ್ಥೆಗೆ ಸಹಾಯಧನವಾಗಿ ಕೊಡಲಿ. ಕಾರ್ಖಾನೆ ಇಲಾಖೆ ಮತ್ತು ಮಂಡಳಿ ಜೊತೆಯಾಗಿ ತಪಾಸಣೆಗೆ ಹೋಗಲಿ, ಕೆಲಸಗಾರರ ಸಂಖ್ಯೆ ಎಷ್ಟೇ ಇರಲಿ. ಸಹಾಯ ಪಡೆದೂ ಬದಲಾಗದವರ ಮೇಲೆ ಕ್ರಮ ಆಮೇಲೆ.

ಉಳಿದ ಕೆಲಸಗಳೂ ದೊಡ್ಡ ವಿಜ್ಞಾನ ಬೇಡುವಂಥವಲ್ಲ. ಕೆ.ಆರ್. ಪುರದ ಟಿನ್ ಫ್ಯಾಕ್ಟರಿ, ಸಿಲ್ಕ್ ಬೋರ್ಡ್, ಜಾಲಹಳ್ಳಿ ಕ್ರಾಸಿನಂಥ ಬಸ್ ನಿಲ್ದಾಣಗಳಲ್ಲಿ, ದೊಡ್ಡ ರಸ್ತೆಗೆ ಅಂಟಿದ ಶಾಲೆಗಳ ಗೇಟಿನಲ್ಲಿ, ಮೂಗಿನ ಎತ್ತರಕ್ಕೆ ಗಾಳಿ ಅಳೆದು ಗಂಟೆ ಗಂಟೆಗೆ ಕನ್ನಡದಲ್ಲಿ ತೋರಿಸಬಹುದು. ವಾಹನ ತಪಾಸಣೆಯ ವೇಳೆ ಎಂಜಿನ್ ಆರಿಸಬೇಕೆಂಬ ನಿಯಮವನ್ನು ಟೆಕ್ ಪಾರ್ಕುಗಳು ನಾಳೆಯೇ ಮಾಡಬಹುದು. ಕೂಲಿಗಾರರ ಶೆಡ್ಡುಗಳಿಗೆ ಗ್ಯಾಸ್ ಒದಗಿಸುವುದನ್ನು ಕಟ್ಟಡ ಪರವಾನಗಿಯ ಷರತ್ತಾಗಿಸಬಹುದು. ಸಿಗ್ನಲ್ಲಿನಲ್ಲಿ ನಿಲ್ಲುವ ಪೊಲೀಸರ ಪಾಳಿಯನ್ನು ಹೊಗೆ ಹೆಚ್ಚಿರುವ ಗಂಟೆಗಳನ್ನು ನೋಡಿಕೊಂಡು ಹಂಚಬಹುದು. ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಊರು ಈಗ ಐದು ಪಾಲಿಕೆಗಳಾಗಿದೆ. ಗಾಳಿಯ ಜವಾಬ್ದಾರಿ ಇನ್ನೂ ಐದು ಚೂರಾಗುವ ಮೊದಲು, ಇಲಾಖೆಗಳ ಅಂಕಿಗಳನ್ನು ಒಂದೆಡೆ ಕೂಡಿಸುವ ಹೊಣೆಯನ್ನು ಪ್ರಾಧಿಕಾರ ಹೊರಬೇಕು.

ಇಷ್ಟೆಲ್ಲದರ ಹಿಂದಿರುವ ಪ್ರಶ್ನೆ ನ್ಯಾಯದ್ದು. ಹೊಗೆ ಹೆಚ್ಚು ಎಬ್ಬಿಸುವವರು ಕಾರಿನ ಗಾಜು ಏರಿಸಿಕೊಂಡಿರುತ್ತಾರೆ. ಹೊಗೆ ಹೆಚ್ಚು ಕುಡಿಯುವವರಿಗೆ ಬಹುತೇಕ ಸ್ವಂತ ಕಾರೇ ಇರುವುದಿಲ್ಲ. ಸರಾಸರಿ ಎಂಬ ಸಂಖ್ಯೆ ಇವರಿಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅನ್ಯಾಯವನ್ನು ಮರೆಮಾಚುತ್ತದೆ. ಅತಿ ಹೆಚ್ಚು ಹೊಗೆ ನುಂಗುವವರ ಪಾಲು ಇಳಿದರೆ, ಅದಕ್ಕಾಗಿ ಮೂಲಗಳನ್ನು ಕಟ್ಟಿಹಾಕಲೇಬೇಕಾದ್ದರಿಂದ, ಊರಿನ ಸರಾಸರಿಯೂ ಇಳಿಯುತ್ತದೆ. ಊರಿನ ಸರಾಸರಿ ಇಳಿದ ಮಾತ್ರಕ್ಕೆ ಅವರ ಪಾಲು ಇಳಿಯಬೇಕೆಂದೇನಿಲ್ಲ. ಆದ್ದರಿಂದ ಬೆಂಗಳೂರಿನ ಮುಂದಿನ ಶುದ್ಧ ಗಾಳಿ ವರದಿಯಲ್ಲಿ ಮಾಪನ ಕೇಂದ್ರಗಳ ಅಂಕಿಪಟ್ಟಿಗೆ ಮೊದಲು ಇನ್ನೊಂದು ಪಟ್ಟಿ ಇರಬೇಕು: ಯಾವ ಕೆಲಸದವರು ದಿನಕ್ಕೆ ಎಷ್ಟು ವಿಷ ಉಸಿರಾಡಿದರು, ಹೋದ ವರ್ಷಕ್ಕಿಂತ ಎಷ್ಟು ಕಡಿಮೆ. ಆ ಪಟ್ಟಿ ಬರುವವರೆಗೆ ‘ತೃಪ್ತಿಕರ’ ಎಂಬ ಮಾತನ್ನು ಯಾರ ಪರವಾಗಿ ಹೇಳುತ್ತಿದ್ದೀರಿ ಎಂದು ಆಡಳಿತವನ್ನು ಕೇಳುತ್ತಲೇ ಇರಬೇಕಾಗುತ್ತದೆ.